ಎರಡು ಬೆರಳೆತ್ತರದ ಕಲ್ಲು

ಆ ದಿನವೂ ನಾನು ಐದಕ್ಕೇ ಎದ್ದೆ. ಬಾಗಿಲಿನ ಹಿಡಿಕೆಗೆ ತೂಗಹಾಕಿದ್ದ ಚೀಲದಿಂದ ಹಾಲಿನ ಪಾಕೀಟು ತೆಗೆದುಕೊಂಡಾಗ ಬೆರಳು ಜೋಮು ಹಿಡಿಯಿತು. ಸಂಕ್ರಾಂತಿ ಮುಗಿದು ನಾಲ್ಕು ದಿನವಾಗಿದ್ದರೂ ನಾಸಿಕದ ಚಳಿಗೆ ಹೊರಡುವ ಮನಸ್ಸಿರಲಿಲ್ಲ. ಒಂದು ಒಲೆಯ ಮೇಲೆ ಹಾಲು, ಇನ್ನೊಂದರ ಮೇಲೆ ಹಂಚು. ನಮ್ಮನೆಯವರ ಬ್ಯಾಂಕಿನ ಡಬ್ಬಿಗೆಂದು ಮೂರು ಜೋಳದ ರೊಟ್ಟಿ ಬಡಿದೆ. ಮಗಳಿಗೆ ರೊಟ್ಟಿ ಒಯ್ದರೆ ನಾಚಿಕೆ, ಅವಳಿಗೆ ಚಪಾತಿಯೇ ಆಗಬೇಕು.

"ಏಳವಾ, ಆರಾತು" ಎಂದರೆ ಹೊದಿಕೆಯೊಳಗಿಂದ "ಪಾಚ್ ಮಿನಿಟ್, ಆಯೀ" ಎಂಬ ಉತ್ತರ. ಕನ್ನಡ ಅವಳಿಗೆ ಕಿವಿಗಿದೆ, ನಾಲಿಗೆಗಿಲ್ಲ.

ನಮ್ಮನೆಯವರು ಚಹಾ ಕುಡಿಯುತ್ತಾ ನನ್ನನ್ನೇ ನೋಡುತ್ತಿದ್ದರು.

"ಇವತ್ತ ಪರೀಕ್ಷಾ ಅಲ್ಲ?"

"ನಂದಲ್ಲ, ಕಾಕೂಂದು."

"ಮಾರಿ ನೋಡಿದ್ರ ನಿಂದ ಅನ್ನಸತದ. ಒಂದು ರೊಟ್ಟಿ ಹೊತ್ತಸೀ ನೋಡು."

ನಿಜ, ಮೂರನೆಯದು ಅಂಚಿನಲ್ಲಿ ಕರಿದಾಗಿತ್ತು.

ಕಾಕೂ ಎಂದರೆ ನಮ್ಮ ಅಪಾರ್ಟ್‌ಮೆಂಟಿನ ಕೆಳಮನೆಯಾಕೆ. ಅರವತ್ತು ದಾಟಿದ ಮರಾಠಿ ಹೆಂಗಸು. ಮನ್ಮಾಡ್ ಜಂಕ್ಷನ್ನಿನಲ್ಲಿ ಮೂವತ್ತು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವರು. ಗ್ಲಾಕೋಮಾ ಬಂದು ಎರಡೂ ಕಣ್ಣು ಹೋಗಿದ್ದವು. ಕಿಟಕಿ ಎಲ್ಲಿದೆ, ಗೋಡೆ ಎಲ್ಲಿದೆ ಎಂಬಷ್ಟು ಬೆಳಕು ಕತ್ತಲೆ ಮಾತ್ರ ಉಳಿದಿತ್ತು. ಆದರೂ ದಿನಾ ಬೆಳಿಗ್ಗೆ ನಮ್ಮ ಗೇಟಿನಿಂದ ಗೋದಾವರಿಯ ದಂಡೆಗುಂಟ ಮೇಲಿನ ದೇವಿಯ ಗುಡಿಯವರೆಗೆ ಒಬ್ಬರೇ ನಡೆದು ಹೋಗಿ ಬರುತ್ತಿದ್ದರು. ಹೆಜ್ಜೆ ಎಣಿಸಿಕೊಂಡು ಹೋಗುತ್ತಿದ್ದರು. ಈ ಬೆಂಚಿನಿಂದ ಆ ಬೆಂಚಿಗೆ ಇಷ್ಟು, ಬೆಂಚಿನಿಂದ ನೇರಳೆ ಮರಕ್ಕೆ ಇಷ್ಟು ಎಂದು ಎಲ್ಲ ಲೆಕ್ಕ ತಲೆಯಲ್ಲಿತ್ತು. ಊರಿನ ಎಲ್ಲ ಫೋನ್ ನಂಬರುಗಳನ್ನು ಬಾಯಲ್ಲಿಟ್ಟುಕೊಂಡಿದ್ದವರಿಗೆ ಅದೇನು ದೊಡ್ಡದು.

ಆ ದಾರಿಯ ಚೆಲುವನ್ನು ನಾನು ಸ್ವಲ್ಪ ಹೇಳಲೇಬೇಕು. ನಾವು ನಾಸಿಕಕ್ಕೆ ಬರುವ ಮೊದಲು ನಾಲ್ಕು ವರ್ಷ ಔರಂಗಾಬಾದಿನಲ್ಲಿದ್ದೆವು. ಆಗ ಆ ಊರಿಗೆ ಅದೇ ಹೆಸರು. ಅಲ್ಲಿ ನೀರೆಂದರೆ ನಳದ ಮುಂದೆ ಸಾಲು ನಿಂತ ಕೊಡ, ತುಂಬಿಟ್ಟ ಡ್ರಮ್ಮು. ಬೆಳಗಿನ ನಡಿಗೆ ಎಂದರೆ ಕಾಲೊನಿಯ ಒಣ ಬಯಲಿನ ಸುತ್ತ ಆರು ಸುತ್ತು. ವರ್ಗವಾಗಿ ಇಲ್ಲಿಗೆ ಬಂದಾಗ, ಮನೆಯ ಹಿಂದೆಯೇ ಒಂದು ನದಿ ಯಾರ ಅಪ್ಪಣೆಯೂ ಇಲ್ಲದೆ ಹರಿಯುತ್ತಿರುವುದನ್ನು ನೋಡಿ ಮೊದಲ ವಾರ ನನಗೆ ನಂಬಿಕೆಯೇ ಬರಲಿಲ್ಲ. ಕರಿ ಬಂಡೆಗಳ ಮೇಲೆ ಬೆಳ್ಳಕ್ಕಿಗಳು ಒಂದೊಂದೇ ಕಾಲಲ್ಲಿ ನಿಲ್ಲುತ್ತಿದ್ದವು. ಆಚೆ ದಡದಲ್ಲಿ ದ್ರಾಕ್ಷಿ ತೋಟ. ಚಳಿಗಾಲದಲ್ಲಿ ನೀರಿನ ಮೇಲೆ ಮೊಣಕಾಲೆತ್ತರ ಮಂಜು.

ಆ ಚಳಿಗಾಲಕ್ಕೆ ಮುಂಚಿನ ಶ್ರಾವಣದಲ್ಲಿ ಮೂರು ದಿನ ಬಿರುಗಾಳಿ ಮಳೆ ಹೊಡೆದು, ಮೇಲಿನ ಅಣೆಕಟ್ಟಿನಿಂದಲೂ ನೀರು ಬಿಟ್ಟು, ನದಿ ದಾರಿಯ ಮೇಲೆಯೇ ಬಂತು. ಇಳಿದಾಗ ಬೆಂಚುಗಳಿರಲಿಲ್ಲ, ಕಟಾಂಜನ ಇರಲಿಲ್ಲ. ಜಾಲಿ ಮರಗಳಿಗೆ ಇಬ್ಬರ ಎತ್ತರದಲ್ಲಿ ಯಾರದೋ ಸೀರೆಯ ಚೂರು, ಪ್ಲಾಸ್ಟಿಕ್ ಚೀಲ. ಒಂದು ಕಡೆ ದಂಡೆಯೇ ಕುಸಿದು, ದಾರಿ ಇದ್ದಲ್ಲಿ ಒಂದಾಳು ಆಳದ ಕೊರಕಲು. ನೇರಳೆ ಮರ ಮಾತ್ರ ಹೊಳೆಯ ಕಡೆಗೆ ವಾಲಿಕೊಂಡು ಬದುಕಿತು.

ಕಾಕೂ ಎರಡು ತಿಂಗಳು ತಡೆದರು. ದಸರೆಯ ಮರುದಿನ ಯಾರಿಗೂ ಹೇಳದೆ ಹಳೆಯ ಲೆಕ್ಕವನ್ನೇ ನಂಬಿ ಹೊರಟು, ಹೂಳಿನಲ್ಲಿ ಮೊಣಕಾಲುಮಟ ಸಿಕ್ಕಿಕೊಂಡರು. ದಾರಿ ರಿಪೇರಿಗೆಂದು ಆಗಷ್ಟೇ ಬಂದಿಳಿದಿದ್ದ ಕೆಲಸಗಾರರು ಎಳೆದು ತೆಗೆದು, ಕೈಹಿಡಿದು ಗೇಟಿಗೆ ತಂದು ಬಿಟ್ಟರು. ಅವರು ಕಲಬುರ್ಗಿ ಕಡೆಯ ಜನ. ಅವರ ಮಾತು ಕೇಳಿ ನಾನು ಮೂರನೆಯ ಮಹಡಿಯಿಂದ ಇಳಿದು ಓಡಿದೆ.

ಕಾಕೂನ ಮಗ ಸಾತಪುರದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸದವನು. ಒಳ್ಳೆಯವನು, ಮಾತು ಕಡಿಮೆ. ಆವತ್ತು ಮಾತ್ರ ಅವನ ದನಿ ಮೆಟ್ಟಿಲವರೆಗೆ ಕೇಳಿಸಿತು. "ಇನ್ನು ಮೇಲೆ ಒಬ್ಬಳೇ ಗೇಟು ದಾಟಬಾರದು. ನಾನು ಮಶೀನಿನ ಮುಂದೆ ನಿಂತು ನಿನ್ನನ್ನು ನೆನೆಸಿಕೊಂಡರೆ ನನ್ನ ಬೆರಳು ಹೋಗುತ್ತದೆ."

"ಹಾಗಾದರೆ ನನ್ನನ್ನು ನೆನೆಸಬೇಡ" ಎಂದರು ಕಾಕೂ.

ಎರಡು ದಿನ ಆ ಮನೆಯಲ್ಲಿ ಕುಕ್ಕರಿನ ಸೀಟಿ ಬಿಟ್ಟರೆ ಸದ್ದಿಲ್ಲ. ಕೊನೆಗೆ ಒಂದು ಒಪ್ಪಂದವಾಯಿತು. ಹೊಸ ದಾರಿಯನ್ನು ಅವರು ಕಲಿಯಲಿ. ಅವನ ರಜೆಯ ಒಂದು ದಿನ, ಅವನ ಕಣ್ಣೆದುರೇ, ಯಾರ ಕೈಯನ್ನೂ ಯಾರ ಮಾತನ್ನೂ ಆತುಕೊಳ್ಳದೆ ಗುಡಿಗೆ ಹೋಗಿ ಬರಲಿ. ಬಂದರೆ ಅವನು ತುಟಿ ಬಿಚ್ಚುವುದಿಲ್ಲ. ತಪ್ಪಿದರೆ ಒಬ್ಬರೇ ಹೋಗುವ ಮಾತು ಮುಗಿಯಿತು, ಗೇಟಿನೊಳಗೇ ನಡೆಯುವುದು. ಕಲಿಸುವ ಕೆಲಸಕ್ಕೆ ಕಾಕೂ ನನ್ನ ಹೆಸರು ಹೇಳಿದ್ದರು. ನನ್ನನ್ನು ಕೇಳಿರಲಿಲ್ಲ.

ಧಾರವಾಡದ ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮ್ಮಿಂದ ವಾರಕ್ಕೊಂದು ಸಾರಿ ಪ್ರಕೃತಿ ಪಾಠದ ನೋಟುಬುಕ್ಕು ಬರೆಸುತ್ತಿದ್ದರು: ಎಲೆಯ ಅಂಚು, ಇರುವೆಯ ಸಾಲು, ಮೋಡದ ಬಣ್ಣ. ಹಾಗಾಗಿ ಸಣ್ಣದನ್ನು ನೋಡುವ ಚಟ ನನಗೆ ಆಗಿನಿಂದಲೇ ಇದೆ. ದೀಪಾವಳಿ ಮುಗಿದು ದಾರಿ ನಡೆಯುವ ಹಾಗಾದ ಮೇಲೆ, ಮೊದಲ ದಿನ ನಾನು ಉತ್ಸಾಹದಿಂದ ಶುರು ಮಾಡಿದೆ. ಹೂಳಿನಲ್ಲಿ ಯಾರೂ ಬಿತ್ತದ ಟೊಮ್ಯಾಟೊ ಗಿಡ ಎದ್ದಿವೆ, ಕಾಯಿ ಬಿಟ್ಟಿವೆ. ಕೊರಕಲಿನ ಪಕ್ಕ ಸಣ್ಣ ನೀಲಿ ಹೂವು. ನೇರಳೆಗೆ ತಾಮ್ರದ ಬಣ್ಣದ ಚಿಗುರು.

ಕಾಕೂ ನಿಂತರು. "ನೀಲಿ ಹೂವು ತಗೊಂಡು ನಾನೇನು ಮಾಡಲಿ? ನೆಲ ಹೇಳು, ನೆಲ."

ಆಮೇಲೆ ನಾನು ನೆಲ ನೋಡುವುದನ್ನು ಕಲಿತೆ. ಎಲ್ಲಿ ಜಲ್ಲಿ ಚಪ್ಪಲಿಯ ಕೆಳಗೆ ಸದ್ದು ಮಾಡುತ್ತದೆ, ಎಲ್ಲಿ ಮರಳು ಸುಮ್ಮನಿರುತ್ತದೆ, ಎಲ್ಲಿ ಬಲಗಾಲು ಎಡಗಾಲಿಗಿಂತ ಒಂದು ಬೆರಳು ತಗ್ಗು. ಕೈ ಹಿಡಿಯಲು ಹೋದರೆ ಕೋಲಿನಿಂದ ತಟ್ಟುತ್ತಿದ್ದರು. ನನ್ನ ಮರಾಠಿಯನ್ನೂ ಬಿಡುತ್ತಿರಲಿಲ್ಲ. "ನೀನು ಮಾತಾಡಿದರೆ ನನಗೆ 'ರಾಂಗ್ ನಂಬರ್' ಎಂದು ಹೇಳಿ ಫೋನ್ ಇಡಬೇಕೆನಿಸುತ್ತದೆ."

"ಹಾಗಾದರೆ ಕನ್ನಡದಲ್ಲೇ ಹೇಳಲಾ ಕಾಕೂ?"

"ಹೇಳು. ಕನಿಷ್ಠ ತಪ್ಪು ಹುಡುಕುವ ಕಷ್ಟ ಇರುವುದಿಲ್ಲ."

ಹೊಸ ಲೆಕ್ಕ ನಿಧಾನವಾಗಿ ಕೂಡಿಕೊಂಡಿತು. ಗೇಟಿನಿಂದ ವಾಲಿದ ನೇರಳೆಗೆ ಇನ್ನೂರ ಹನ್ನೊಂದು. ಅಲ್ಲಿಂದ ತಿರುವಿಗೆ ತೊಂಬತ್ತಾರು. ತಿರುವು ಎಂದರೆ ಎಲ್ಲಕ್ಕೂ ಕಷ್ಟದ ಜಾಗ. ಹಳೆಯ ದಾರಿ ಅಲ್ಲಿ ನೆಟ್ಟಗೆ ಹೋಗುತ್ತದೆ, ಐದು ಹೆಜ್ಜೆ ಆದ ಮೇಲೆ ಕೊರಕಲು. ಎರಡು ಬಿದಿರು ನೆಟ್ಟು ನಡುವೆ ಕೆಂಪು ಬಟ್ಟೆ ಕಟ್ಟಿದ್ದರು, ಕಣ್ಣಿದ್ದವರಿಗೆ ಅಷ್ಟು ಸಾಕು. ಕೆಲಸಗಾರರು ಕೂಡಿಸಿದ ಹೊಸ ದಾರಿ ಎಡಕ್ಕೆ ಹೊರಳಿ, ಒಂಬತ್ತು ಕಲ್ಲಿನ ಮೆಟ್ಟಿಲು ಹತ್ತಿ ಗುಡಿಯ ಕಡೆಗೆ ಹೋಗುತ್ತದೆ. ಸರಿಯಾಗಿ ಆ ತಿರುವಿನಲ್ಲಿ ನೆಲದಿಂದ ಎರಡು ಬೆರಳೆತ್ತರ ಒಂದು ಕರಿಕಲ್ಲಿನ ಮೂಲೆ ಎದ್ದಿತ್ತು. ಕಾಕೂಗೆ ಅದು ಸಿಕ್ಕಿದ್ದು ಎಂಟನೆಯ ದಿನ. ಚಪ್ಪಲಿಯ ತುದಿ ಬಡಿಯಿತು. ನಿಂತರು. ಇನ್ನೊಮ್ಮೆ ತಾವೇ ಬಡಿದು ನೋಡಿದರು. ಮುಖ ಅರಳಿತು.

"ಇದು ನನ್ನ ಸ್ವಿಚ್‌ಬೋರ್ಡು. ಇಲ್ಲಿಂದ ಲೈನು ತಿರುಗಿಸುವುದು."

ಅಂದಿನಿಂದ ದಿನಾ ತೊಂಬತ್ತಾರಕ್ಕೆ ಕಾಲ ತುದಿಯಿಂದ ಎರಡು ಸಲ ಟಕ್ ಟಕ್, ಎಡಕ್ಕೆ ಹೊರಳು.

ಕೆಲಸಗಾರರ ಜೋಪಡಿಗಳು ಅಲ್ಲೇ ಮೇಲಿನ ದಿಬ್ಬದ ಮೇಲಿದ್ದವು. ಅವರಲ್ಲಿ ಹಿರಿಯಳೊಬ್ಬಳು ನನಗೆ ಬಹಳ ಸಲಿಗೆಯಾಗಿದ್ದಳು. ಕಲ್ಲು ಜೋಡಿಸುವುದರಲ್ಲಿ ಗಂಡಸರೂ ಅವಳ ಮಾತು ಕೇಳುತ್ತಿದ್ದರು. "ಹೊಂಟ್ರೇನ್ರೀ ಅಕ್ಕಾರ?" ಎಂದು ದಿನಾ ಕೂಗುವಳು. ನನ್ನ ಧಾರವಾಡದ ಮಾತು ಅವಳಿಗೆ ನಗು, ಅವಳ ಮಾತು ನನಗೆ ತವರಿನ ಪಕ್ಕದ ಊರು. ಜೋಳದ ಹಿಟ್ಟು ಎಲ್ಲಿ ಸಿಗುತ್ತದೆ, ಇಲ್ಲಿಯ ಮೆಣಸಿನಕಾಯಿಗೆ ಯಾಕೆ ಖಾರವಿಲ್ಲ, ಅವಳ ಮಗಳ ಬಾಣಂತನ ಯಾವಾಗ, ಎಲ್ಲ ಮಾತಾಡಿದ್ದೇವೆ. ಆ ಕಲ್ಲಿನ ಮಾತು ಮಾತ್ರ ಒಂದು ದಿನವೂ ಬರಲಿಲ್ಲ. ಅವರಿಗೂ ಕಾಕೂಗೂ ನಡುವೆ ಎರಡೂ ಭಾಷೆ ಬಲ್ಲವಳು ನಾನೊಬ್ಬಳೇ. ನಾನು ಹೇಳಬೇಕಿತ್ತು. ನನಗೆ ಕಾಣುತ್ತಿರುವುದೇ ಅವರಿಗೂ ಕಾಣುತ್ತಿದೆ ಎಂದುಕೊಂಡಿದ್ದೆ.

ಆ ಬೆಳಿಗ್ಗೆ ಏಳಕ್ಕೆ ಗೇಟಿನ ಬಳಿ ಮೂವರೂ ಸೇರಿದೆವು. ಕಾಕೂ ಇಸ್ತ್ರಿ ಮಾಡಿದ ಸೀರೆ ಉಟ್ಟು, ಡ್ಯೂಟಿಗೆ ಹೊರಟವರ ಹಾಗೆ ಕೂದಲು ಬಿಗಿಯಾಗಿ ಕಟ್ಟಿದ್ದರು. ಮಗ ಕಿವಿಗೆ ಮಫ್ಲರ್ ಸುತ್ತಿಕೊಂಡಿದ್ದ.

"ಇಪ್ಪತ್ತು ಹೆಜ್ಜೆ ಹಿಂದೆ ಬನ್ನಿ, ಇಬ್ಬರೂ" ಎಂದರು ಕಾಕೂ. ನನ್ನ ಕಡೆ ತಿರುಗಿ, "ಮಾತಿಲ್ಲ. ಕೆಮ್ಮೂ ಇಲ್ಲ. ನೀನು ಕೆಮ್ಮಿನಲ್ಲೂ ದಾರಿ ಹೇಳುವವಳು."

ಕಾನ್ವೆಂಟಿನ ಸಾಲಿನಲ್ಲಿ ಹತ್ತು ವರ್ಷ ಬಾಯಿ ಮುಚ್ಚಿ ನಡೆದವಳು ನಾನು. ಅದೇನು ಕಷ್ಟ ಎಂದುಕೊಂಡೆ.

ನೇರಳೆಯವರೆಗೆ ನೋಡುವುದೇ ಒಂದು ಸುಖ. ಕೋಲು ಮುಂದೆ ಹೆಚ್ಚು ಚಾಚದೆ, ಬೆನ್ನು ನೆಟ್ಟಗೆ, ಒಂದೇ ಅಳತೆಯ ಹೆಜ್ಜೆ. ಹೊಳೆಯ ಮಂಜು ಅವರ ಸೀರೆಯ ಅಂಚಿನವರೆಗೆ ಬಂದು ಬಿಟ್ಟು ಹೋಗುತ್ತಿತ್ತು. ಇನ್ನೂರ ಹನ್ನೊಂದಕ್ಕೆ ಎಡಗೈ ಚಾಚಿದರು, ಅಂಗೈ ನೇರವಾಗಿ ಮರದ ತೊಗಟೆಗೆ ತಾಗಿತು. ಮಗ ನನ್ನತ್ತ ನೋಡಿ ಹುಬ್ಬೇರಿಸಿದ. ನಾನು ನನ್ನದೇ ಮಗಳಿಗೆ ಮೊದಲ ರ‍್ಯಾಂಕ್ ಬಂದ ಹಾಗೆ ತಲೆ ಎತ್ತಿಕೊಂಡೆ.

ಅಲ್ಲಿಂದ ನಾನೂ ಅವರ ಜೊತೆ ಮನಸ್ಸಿನಲ್ಲೇ ಎಣಿಸುತ್ತಿದ್ದೆ. ಎಂಬತ್ತರ ಹತ್ತಿರ ಸುಮ್ಮನೆ ತಿರುವಿನ ಕಡೆ ಕಣ್ಣು ಹಾಯಿಸಿದರೆ ಕಲ್ಲು ಇಲ್ಲ.

ಮೊದಲು ಮಂಜಿರಬೇಕು ಎಂದುಕೊಂಡೆ. ಮಂಜಲ್ಲ. ಕಲ್ಲಿದ್ದ ಜಾಗದಲ್ಲಿ ಕೆಂಪು ಮೊರಂ ಮಣ್ಣು ಹಾಕಿ, ಬಡಿದು, ಅಂಗೈಯಷ್ಟು ನುಣ್ಣಗೆ ಮಾಡಿದ್ದರು. ಕೆಂಪು ಬಟ್ಟೆ ಅದರಾಚೆ ಅಲುಗಾಡುತ್ತಿತ್ತು.

ತೊಂಬತ್ತೈದು. ತೊಂಬತ್ತಾರು. ಕಾಕೂನ ಚಪ್ಪಲಿಯ ತುದಿ ಮುಂದೆ ಹೋಗಿ ತಡವಿತು. ಏನೂ ಇಲ್ಲ. ತೊಂಬತ್ತೇಳು.

ಪಕ್ಕದಲ್ಲಿ ಮಗ ಒಮ್ಮೆಲೆ ಮುಂದೆ ನುಗ್ಗಿದ. ಕೊರಕಲು ಅವನಿಗೂ ಕಾಣುತ್ತಿತ್ತಲ್ಲ. ನಾನು ಅವನ ಸ್ವೆಟರಿನ ತೋಳು ಹಿಡಿದುಕೊಂಡೆ. ಪರರ ಗಂಡುಮಗನ ತೋಳು ಹಿಡಿದದ್ದು ಜೀವನದಲ್ಲಿ ಅದೇ ಮೊದಲು, ಅದೂ ಅಷ್ಟು ಗಟ್ಟಿಯಾಗಿ. ಐದು ಹೆಜ್ಜೆಯ ಜಾಗವಿದೆ. ಒಂದು ಹೋಯಿತು. ಅವರ ತೊಂಬತ್ತಾರು ಎಂದರೆ ತೊಂಬತ್ತಾರೇ, ಎರಡು ತಿಂಗಳಲ್ಲಿ ಒಂದು ದಿನವೂ ತೊಂಬತ್ತೇಳಾಗಿಲ್ಲ. ಅವರಿಗೆ ಗೊತ್ತಾಗುತ್ತದೆ, ಗೊತ್ತಾಗಲೇಬೇಕು.

ತೊಂಬತ್ತೆಂಟು. ಇನ್ನೊಂದು ಇಟ್ಟಿದ್ದರೆ ನಾನೇ ಕಿರುಚುತ್ತಿದ್ದೆ. ಅದನ್ನು ಮುಚ್ಚಿಡುವುದಿಲ್ಲ.

ಕಾಕೂ ನಿಂತರು.

ಸ್ವಲ್ಪ ಹೊತ್ತು ಕಿವಿಗೊಟ್ಟರು. ಆಮೇಲೆ ಅಲ್ಲೇ ಕುಕ್ಕರುಗಾಲಿನಲ್ಲಿ ಕೂತು ಅಂಗೈಯಿಂದ ನೆಲ ಸವರಿದರು. ಹಾಗೆಯೇ ಹಿಂದಕ್ಕೆ ಕೈ ಚಾಚಿ, ಎಲ್ಲಿ ನೆಲ ಗಟ್ಟಿ, ಎಲ್ಲಿ ಹಸಿ ಮೊರಂ ಮೆತ್ತಗೆ ಎಂದು ಬೆರಳಿನಿಂದ ಅದುಮಿ ನೋಡಿದರು. ಬೆರಳನ್ನು ಮೂಗಿಗೆ ಹಿಡಿದರು. ಎದ್ದು ಎರಡು ಹೆಜ್ಜೆ ಹಿಂದೆ ಬಂದು, ಕೋಲನ್ನು ಎಡಕ್ಕೆ ನಿಧಾನವಾಗಿ ಬೀಸಿದರು. ಕೋಲು ಮೊದಲ ಮೆಟ್ಟಿಲಿಗೆ ಟಕ್ ಎಂದಿತು. ಸೆರಗು ಸರಿಮಾಡಿಕೊಂಡು, ಒಂದು, ಎರಡು ಎಂದು ಗಟ್ಟಿಯಾಗಿ ಹೇಳುತ್ತಾ ಒಂಬತ್ತೂ ಮೆಟ್ಟಿಲು ಹತ್ತಿ ಹೋದರು.

ಮಗ ಜಲ್ಲಿಯ ರಾಶಿಯ ಮೇಲೆ ಕೂತುಬಿಟ್ಟ. ಅಷ್ಟು ಚಳಿಯಲ್ಲೂ ಮಫ್ಲರ್ ಬಿಚ್ಚಿ ಮುಖ ಒರೆಸಿಕೊಂಡ. "ಏನಾಯಿತು ಅಲ್ಲಿ?" ಎಂದು ಕೇಳಿದ. ಕಲ್ಲಿನ ಕಥೆ ಅವನಿಗೂ ಗೊತ್ತಿರಲಿಲ್ಲ. ಹೇಳಿದೆ.

ಅಷ್ಟರಲ್ಲಿ ದಿಬ್ಬದಿಂದ ಆ ಹಿರಿಯಳು ಕೈಗೆ ಹತ್ತಿದ ಹಿಟ್ಟು ಕೊಡವುತ್ತಾ ಇಳಿದು ಬಂದಳು. "ಯಾಕ್ರೀ ಅಕ್ಕಾರ, ಆಯಿ ಅಲ್ಲಿ ಕುಂತಳಲ್ಲ? ಈಗರೆ ಎಡವಂಗಿಲ್ಲ ಅಂತ ನಾ ತಿಳದಿದ್ದೆ."

"ಆ ಕಲ್ಲು ಎಲ್ಲಿ?"

"ನಿನ್ನಿ ಕೆಲಸ ಬಿಟ್ಟ ಮ್ಯಾಲ ಕಬ್ಬಣದ ಹಾರಿ ಹಾಕಿ ಕಿತ್ತೀವ್ರಿ. ದಿನಾ ಆಕೀದು ಕಾಲು ಅದಕ್ಕ ಬಡೀತಿತ್ತು. ಬಡದು ನಿಂದರತಿದ್ದಳು. ಕಣ್ಣಿದ್ದವರು ನಾವು ನೋಡಕೋತ ಕೂಡೋದು ಚಂದೇನು? ಮಂದಿ ಎಡವೋ ಕಲ್ಲು ನೋಡಿನೂ ಬಿಟ್ಟು ಹೋದ್ರ ಆ ಪಾಪ ನಮಗಽ ಹತ್ತತದ."

"ನನಗರೆ ಒಂದು ಮಾತು ಹೇಳಬಾರದೇನು?"

ನಾನೇ ಏನೂ ತಿಳಿಯದವಳು ಎಂಬಂತೆ ಅವಳು ನೋಡಿದಳು. "ದಾರಿ ಕಲ್ಲು ತಗದದ್ದು ಯಾರರೆ ಹೇಳತಾರೇನ್ರೀ? ಹೇಳಿದ್ರ ಪುಣ್ಯ ಹೋತು."

ನಾನು ಕಲ್ಲಿನ ಕೆಲಸವೇನಿತ್ತು ಎಂದು ಹೇಳಿದೆ. ಅವಳು ಹಿಟ್ಟಿನ ಕೈಯಿಂದಲೇ ಹಣೆ ಬಡಿದುಕೊಂಡಳು. "ಅಯ್ಯ ಶಿವನ! ಪುಣ್ಯಾ ಮಾಡಾಕ ಹೋಗಿ ಮುದುಕಿನ್ನ ಹೊಳಿಗಿ ಹಾಕತಿದ್ನಲ್ಲೋ!" ಆಮೇಲೆ ನನ್ನ ಕಡೆ ಬೆರಳು ಮಾಡಿ, "ನೀವರೆ ಎರಡು ತಿಂಗಳು ಬರೇ ಮೆಣಸಿನಕಾಯಿ ಮಾತಾಡಿದ್ರಿ. ಇದೊಂದು ಹೇಳಾಕ ಬಾಯಿ ಇದ್ದಿದ್ದಿಲ್ಲೇನು?"

"ಕಿತ್ತ ಕಲ್ಲು ಎಲ್ಲಿ ಒಗದೀರಿ?" ಎಂದು ಕೇಳಿದೆ.

ಕಲ್ಲು ಬಹಳ ದೂರ ಹೋಗಿರಲಿಲ್ಲ. ಅವಳ ಒಲೆಯ ಮೂರನೆಯ ಗುಂಡಾಗಿತ್ತು, ಮೇಲೆ ಹಂಚಿತ್ತು, ಹಂಚಿನ ಮೇಲೆ ರೊಟ್ಟಿಯಿತ್ತು. ಈಗಲೇ ತಂದು ಹೂಳುತ್ತೇನೆ ಎಂದು ಅವಳು ಹೊರಟಾಗ ನಾನು ಮಗನನ್ನು ನೋಡಿದೆ. ಯಾರ ಸಹಾಯವೂ ಇರಬಾರದು ಎಂಬುದು ಅವನ ಷರತ್ತು. ಅವಳ ಮಾತನ್ನು ಮರಾಠಿಗೆ ಮಾಡಿ ಹೇಳಿ, "ನೀವು ಹೇಗೆ ಹೇಳುತ್ತೀರೋ ಹಾಗೆ" ಎಂದೆ.

"ಪರೀಕ್ಷೆಯ ನಡುವೆ ಚೀಟಿ ಕೊಟ್ಟ ಹಾಗಾಗುತ್ತದೆ" ಎಂದು ಅವನು ಅಂದ. ಕೊರಕಲಿನ ಕಡೆ ನೋಡಿದ, ಒಂಬತ್ತು ಮೆಟ್ಟಿಲಿನ ಕಡೆ ನೋಡಿದ. "ಇಡಲಿ ಬಿಡಿ. ಹೋಗುವಾಗಲೇ ಪಾಸಾಗಿದ್ದಾಳೆ."

ಒದ್ದೆ ಗೋಣಿಚೀಲದಲ್ಲಿ ಹಿಡಿದು, ಅವಳೂ ಇನ್ನೊಬ್ಬ ಹೆಂಗಸೂ ಸೇರಿ, ಹಬೆಯಾಡುವ ಕಲ್ಲನ್ನು ತಂದರು. ಹಿರಿಯಳು ಹಳೆಯ ಕುಳಿಯನ್ನು ಅಗೆದು ಅದೇ ಮೂಲೆ ಮೇಲೆ ಬರುವ ಹಾಗೆ ಕೂಡಿಸಿದಳು. ಎಷ್ಟು ಎತ್ತರ ಎಂದು ನನ್ನನ್ನು ಕೇಳಿದಳು. ನಾನು ಎರಡು ಬೆರಳು ಅಡ್ಡ ಹಿಡಿದು ತೋರಿಸಿದೆ. ಅವಳ ಬೆರಳು ದಪ್ಪ, ನನ್ನವು ಸಣ್ಣ. ನನ್ನ ಕೈಯನ್ನೇ ಎಳೆದು ನೆಲಕ್ಕಿಟ್ಟು ಅಳೆದುಕೊಂಡಳು.

ಕಾಕೂ ಗುಡಿಯಿಂದ ಹಿಂದಿರುಗಿ ಮೆಟ್ಟಿಲು ಇಳಿದರು. ನಾವೆಲ್ಲ ದೂರ ಸರಿದು ನಿಂತಿದ್ದೆವು. ಕೆಳಗಿನ ಮೆಟ್ಟಿಲಿನಿಂದ ಎರಡು ಹೆಜ್ಜೆಗೆ ಚಪ್ಪಲಿ ಕಲ್ಲಿಗೆ ಬಡಿಯಿತು. ಅವರು ಬೆಚ್ಚಲಿಲ್ಲ. ಬಗ್ಗಿ ಮುಟ್ಟಿದರು, ತಟ್ಟನೆ ಕೈ ಹಿಂದೆ ತೆಗೆದರು.

"ಇದು ಯಾಕೆ ಬಿಸಿಯಾಗಿದೆ?"

ಎಲ್ಲರಿಗಿಂತ ಮೊದಲು ನಕ್ಕವನು ಮಗ. ಆಮೇಲೆ ನಾನು, ಆಮೇಲೆ ಮಾತು ತಿಳಿಯದೆಯೂ ಆ ಹೆಂಗಸರು. ಕಾಕೂಗೆ ಎಲ್ಲ ಹೇಳಿದೆವು. ಅವರು ಹಿರಿಯಳ ಕೈ ಕೇಳಿ ತೆಗೆದುಕೊಂಡು, ಅಂಗೈಯ ಗಂಟುಗಳನ್ನು ಬೆರಳಿನಿಂದ ಓದಿದ ಹಾಗೆ ತಡವಿ, "ಕೆಸರಿನಿಂದ ಎಳೆದದ್ದು ಇದೇ ಕೈ" ಎಂದರು. ನಾನು ಅದನ್ನು ಕನ್ನಡದಲ್ಲಿ ಹೇಳಿದಾಗ ಅವಳು ಮುಖ ತಿರುಗಿಸಿ, "ರೊಟ್ಟಿ ಹೊತ್ತಿರಬೇಕು" ಎಂದು ದಿಬ್ಬ ಹತ್ತಿಬಿಟ್ಟಳು.

ಉಳಿದ ದಾರಿಗೆ ಯಾರೂ ಇಪ್ಪತ್ತು ಹೆಜ್ಜೆ ಹಿಂದೆ ಬರಲಿಲ್ಲ. ಆದರೂ ಕಾಕೂ ಎಣಿಸುವುದನ್ನು ಬಿಡಲಿಲ್ಲ. ಗೇಟು ಮುಟ್ಟಿದ ಮೇಲೆ ಮಗನ ಕಡೆ ಮುಖ ಮಾಡಿ ನಿಂತರು.

ಅವನು ಗೇಟಿನ ಚಿಲಕವನ್ನು ಸುಮ್ಮನೆ ಎರಡು ಸಲ ಹಾಕಿ ತೆಗೆದ. "ಬೆಳಿಗ್ಗೆ ಚಳಿ ಬಹಳ" ಎಂದ. "ನಾಳೆಯಿಂದ ಹೋಗುವಾಗ ಸ್ವೆಟರ್ ಹಾಕಿಕೊಂಡು ಹೋಗು."

ನಾನು ಮನೆಗೆ ಬಂದು ಆರಿದ ಚಹಾ ಬಿಸಿ ಮಾಡಿಕೊಂಡು ಕುಡಿದೆ. ದಿನವೆಲ್ಲ ಕೆಲಸ ತಾನಾಗಿ ಆದ ಹಾಗಿತ್ತು. ಬಟ್ಟೆ ಒಣಗಿಸುವಾಗ ಬಾಲ್ಕನಿಯಿಂದ ತಿರುವಿನ ಕೆಂಪು ಬಟ್ಟೆ ಚಿಕ್ಕದಾಗಿ ಕಾಣುತ್ತಿತ್ತು. ಅದರ ಮುಂದೆ ಹೆಂಗಸರು ಬುಟ್ಟಿ ಹೊತ್ತು ಓಡಾಡುತ್ತಿದ್ದರು. ಒಬ್ಬಳೂ ಕಲ್ಲಿನ ಮೇಲೆ ಕಾಲಿಡುತ್ತಿರಲಿಲ್ಲ, ಸುತ್ತಿ ಹೋಗುತ್ತಿದ್ದರು. ಸಂತೋಷವೇ ಆಗಿತ್ತು. ಆದರೂ ನಾಳೆ ಐದಕ್ಕೆ ಎದ್ದು ಏಳಕ್ಕೆ ಎಲ್ಲಿಗೆ ಹೋಗುವುದು ಎಂದು ಒಂದು ಕ್ಷಣ ಅನ್ನಿಸಿತು. ಸುಳ್ಳು ಯಾಕೆ ಹೇಳಲಿ.

ಸಂಜೆ ಮೇಲಿನ ಮನೆಯಾಕೆ ಬಾಗಿಲು ಬಡಿದಳು. ಮಾರನೆಯ ದಿನ ಅವಳ ಮನೆಯಲ್ಲಿ ಅರಿಶಿನ ಕುಂಕುಮ. ಬೆಳಗಿನದು ಯಾವುದೂ ಅವಳಿಗೆ ಗೊತ್ತಿರಲಿಲ್ಲ, ಅವಳು ಏಳುವುದೇ ಎಂಟಕ್ಕೆ. ದೊಡ್ಡ ಪಾತೆಲೆ ಕೇಳಲು ಬಂದಿದ್ದಳು. ಕೊಟ್ಟೆ. ಅದನ್ನು ಕಂಕುಳಲ್ಲಿಟ್ಟುಕೊಂಡು ಮೆಟ್ಟಿಲು ಹತ್ತುತ್ತಾ, ಏನೋ ನೆನಪಾದವಳ ಹಾಗೆ ತಿರುಗಿ ಹೇಳಿದಳು:

"ಈ ಸಲ ಹೂವಿಗೆ ನೀವೇನೂ ಹೋಗಬೇಡಿ ಹಾಂ. ಗುಡಿಯ ಮುಂದಿನ ಹೂವಿನವಳ ಹತ್ತಿರ ಎರಡು ಮಾರು ಶೇವಂತಿಗೆ ತರಲು ಕಾಕೂಗೇ ಹೇಳಿದ್ದೇನೆ. ಹೇಗೂ ದಿನಾ ಆ ಕಡೆ ಹೋಗುತ್ತಾರಲ್ಲ."